ಸೋರುವ ಹೊಲಿಗೆ: ಮೇದೋಜೀರಕದ ಶಸ್ತ್ರಚಿಕಿತ್ಸೆಯ ಹಳೆಯ ತಲೆನೋವು

ಹೊಟ್ಟೆಯೊಳಗಿನ ಅಂಗಗಳಲ್ಲಿ ಸೂಜಿದಾರಕ್ಕೆ ಒಗ್ಗದ ಅಂಗವೆಂದರೆ ಮೇದೋಜೀರಕ ಗ್ರಂಥಿ. ಜಠರಕ್ಕೆ ದಪ್ಪ ಗೋಡೆಯಿದೆ, ಕರುಳಿಗೆ ಗಟ್ಟಿಯಾದ ಪದರವಿದೆ, ಪಿತ್ತನಾಳ ಸಪೂರವಾದರೂ ಹೊಲಿಗೆ ಹಿಡಿಯುತ್ತದೆ. ಆರೋಗ್ಯವಾಗಿರುವ ಮೇದೋಜೀರಕ ಮಾತ್ರ ಆಗಷ್ಟೇ ಹೆಪ್ಪುಗಟ್ಟಿದ ಗಿಣ್ಣಿನ ಹಾಗೆ. ಸೂಜಿಯೇನೋ ಹೋಗುತ್ತದೆ, ದಾರ ಬಿಗಿದರೆ ಸೀಳಿಕೊಂಡು ಬರುತ್ತದೆ. ಸಾಲದ್ದಕ್ಕೆ ದಿನಕ್ಕೆ ಒಂದು, ಒಂದೂವರೆ ಲೀಟರ್ ರಸ ಸುರಿಸುವ ಗ್ರಂಥಿ ಇದು. ಆ ರಸದ ಕೆಲಸವೇ ಮಾಂಸ, ಕೊಬ್ಬು, ಪಿಷ್ಟಗಳನ್ನು ಕರಗಿಸುವುದು. ಕತ್ತರಿಸಿದ ಗ್ರಂಥಿಯನ್ನು ಕರುಳಿಗೆ ಜೋಡಿಸಿದ ಗಳಿಗೆಯಿಂದಲೇ ಆ ರಸ ಹೊಲಿಗೆಯನ್ನು ದಾಟಿಕೊಂಡೇ ಹರಿಯಬೇಕು. ಈ ಜೋಡಣೆ ಸೋರದಂತೆ ಮಾಡುವುದು ಹೇಗೆ ಎಂಬುದು ಶಸ್ತ್ರವೈದ್ಯರನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾಡಿರುವ ಪ್ರಶ್ನೆ.

ಜೋಡಣೆ ಬೇಕಾಗುವುದು ಹೆಚ್ಚಾಗಿ ಗ್ರಂಥಿಯ ತಲೆಭಾಗದಲ್ಲಿ ಅಥವಾ ಪಿತ್ತನಾಳ ಕರುಳಿಗೆ ಸೇರುವ ಬಾಯಲ್ಲಿ ಗಡ್ಡೆ ಬೆಳೆದಾಗ. ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ, ಮೂತ್ರದ ಬಣ್ಣ ಕಡುವಾಗುತ್ತದೆ. ಕಾಮಾಲೆಯೆಂದು ಊರಲ್ಲೇ ಸೊಪ್ಪಿನ ರಸ ಕುಡಿದು, ವಾರಗಟ್ಟಲೆ ಕಳೆದು ಆಸ್ಪತ್ರೆಗೆ ಬರುವವರು ನಮ್ಮ ಕಡೆ ಇಂದಿಗೂ ಕಡಿಮೆಯಿಲ್ಲ. ಗಡ್ಡೆ ಹರಡಿಲ್ಲದಿದ್ದರೆ ವಿಪ್ಪಲ್ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಗ್ರಂಥಿಯ ತಲೆ, ಅದನ್ನು ಸುತ್ತಿಕೊಂಡಿರುವ ಡ್ಯುಯೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ ಎಲ್ಲವನ್ನೂ ಒಂದೇ ತುಂಡಾಗಿ ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಸಣ್ಣ ಕರುಳಿಗೆ ಒಂದೊಂದಾಗಿ ಜೋಡಿಸುತ್ತಾರೆ. ಒಟ್ಟು ಮೂರು ಜೋಡಣೆ. ಪಿತ್ತನಾಳದ್ದು, ಜಠರದ್ದು ಅಪರೂಪಕ್ಕೆ ಸೋರುತ್ತವೆ. ಉಳಿದೊಂದು ಜೋಡಣೆಯೇ ಸರ್ಜನ್‌ಗಳ ನಿದ್ದೆ ಕೆಡಿಸುವುದು.

ಸೋರಿದರೆ ಏನಾಗುತ್ತದೆ ಎನ್ನುವುದರಲ್ಲಿ ಒಂದು ಸೂಕ್ಷ್ಮವಿದೆ. ಗ್ರಂಥಿಯಿಂದ ಹೊರಬರುವಾಗ ರಸದಲ್ಲಿರುವ ಮಾಂಸ ಕರಗಿಸುವ ಕಿಣ್ವ ಇನ್ನೂ ನಿಷ್ಕ್ರಿಯವಾಗಿರುತ್ತದೆ. ಇಲ್ಲದಿದ್ದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಂಡುಬಿಡುತ್ತಿತ್ತು. ಕರುಳಿನ ಒಳಪದರದ ಎಂಟರೋಕೈನೇಸ್ ಎಂಬ ಇನ್ನೊಂದು ಕಿಣ್ವ ತಗುಲಿದ ಮೇಲೆಯೇ ಅದು ಚುರುಕಾಗುವುದು. ಹಾಗಾಗಿ ಗ್ರಂಥಿಯ ಬಾಲಭಾಗವನ್ನಷ್ಟೇ ತೆಗೆದು ತುದಿ ಮುಚ್ಚಿದಾಗ ಸೋರುವ ರಸ ಹೆಚ್ಚಾಗಿ ಉಪದ್ರವಕಾರಿಯಷ್ಟೇ. ವಿಪ್ಪಲ್ ನಂತರ ಕರುಳಿನ ರಸ, ಪಿತ್ತರಸ, ಬ್ಯಾಕ್ಟೀರಿಯಾ ಎಲ್ಲ ಬೆರೆತು ಸೋರುವುದು ಪ್ರಾಣಾಂತಕವಾಗಬಹುದು. ಅದು ಸುತ್ತಲಿನ ಕೊಬ್ಬನ್ನು ಕರಗಿಸುತ್ತದೆ, ಕೀವುಗಟ್ಟಿಸುತ್ತದೆ. ಪಕ್ಕದಲ್ಲೇ ಕಟ್ಟಿಬಿಟ್ಟಿರುವ ರಕ್ತನಾಳದ ತುದಿಯನ್ನು ಸವೆಸಿ ಒಂದು ವಾರದ ನಂತರ, ಎಲ್ಲ ಸರಿಹೋಯಿತು ಎಂದುಕೊಂಡಿದ್ದ ಹೊತ್ತಿನಲ್ಲಿ, ರಕ್ತ ಚಿಮ್ಮಿಸಲೂಬಹುದು.

1898ರಲ್ಲಿ ಇಟಲಿಯ ಇಮೋಲಾದಲ್ಲಿ ಅಲೆಸ್ಸಾಂಡ್ರೊ ಕೊದಿವಿಲ್ಲ ಈ ಭಾಗವನ್ನು ಮೊದಲ ಬಾರಿಗೆ ತೆಗೆದರು. ರೋಗಿ ಕೆಲವೇ ವಾರ ಬದುಕಿದರು. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಎರಡು ಹಂತಗಳಲ್ಲಿ ಮಾಡಿ ಯಶಸ್ವಿಯಾದರು. ಹೆಸರು ಮಾತ್ರ ನಿಂತದ್ದು ನ್ಯೂಯಾರ್ಕಿನ ಅಲನ್ ವಿಪ್ಪಲ್ ಅವರದು. ಪರ್ಷಿಯಾದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಈತ 1935ರಲ್ಲಿ ಮೂರು ರೋಗಿಗಳ ವರದಿ ಪ್ರಕಟಿಸಿದರು. ಮೊದಲ ರೋಗಿಗೆ ಕ್ಯಾಟ್‌ಗಟ್ ದಾರ ಬಳಸಿದ್ದರು. ಪ್ರಾಣಿಯ ಕರುಳಿನಿಂದ ಮಾಡುವ ಆ ದಾರವನ್ನು ಮೇದೋಜೀರಕದ ರಸ ಮಾಂಸದಂತೆಯೇ ಜೀರ್ಣಿಸಿತು, ಹೊಲಿಗೆ ಬಿಚ್ಚಿತು, ರೋಗಿ ಉಳಿಯಲಿಲ್ಲ. ಮುಂದಿನವರಿಗೆ ರೇಷ್ಮೆ ದಾರ ಹಾಕಿದರು. ಈ ಚಿಕಿತ್ಸೆಯ ತೊಡಕು ತಗ್ಗಿಸಲು ನಡೆದ ಮೊದಲ ತಾಂತ್ರಿಕ ಸುಧಾರಣೆ ಇದೇ ಎನ್ನಬಹುದು. ಇಂದು ಬಳಸುವ ಪಾಲಿಡಯಾಕ್ಸನೋನ್, ಪಾಲಿಪ್ರೊಪಿಲೀನ್ ದಾರಗಳನ್ನು ಆರಿಸಿಕೊಂಡಿರುವುದಕ್ಕೂ ಕಾರಣ ಅದೇ: ಆ ರಸದಲ್ಲಿ ನೆನೆದರೂ ಅವು ಬೇಗ ಸೊರಗುವುದಿಲ್ಲ.

ಆಮೇಲಿನ ದಶಕಗಳು ಹೆಮ್ಮೆಪಡುವಂಥವಲ್ಲ. 1970ರ ಹೊತ್ತಿಗೂ ನಾಲ್ಕು ಐದು ರೋಗಿಗಳಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ಸಾಯುತ್ತಿದ್ದರು. ಈ ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟು ಪಿತ್ತಕ್ಕೊಂದು ಬದಲಿ ದಾರಿ ಮಾಡಿಕೊಟ್ಟರೆ ಸಾಕು ಎಂದು ವಾದಿಸಿದ ದೊಡ್ಡ ಸರ್ಜನ್‌ಗಳಿದ್ದರು. 1993ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರಾನ್ ತಂಡ ಸತತ 145 ರೋಗಿಗಳಲ್ಲಿ ಒಂದೂ ಸಾವಿಲ್ಲದೆ ಮುಗಿಸಿದ್ದಾಗಿ ವರದಿ ಮಾಡಿದಾಗ ಜಗತ್ತು ಬೆರಗಾಯಿತು. ಒಳ್ಳೆಯ ಕೇಂದ್ರಗಳಲ್ಲಿ ಈಗ ಸಾವಿನ ಪ್ರಮಾಣ ಶೇ. 2ರಿಂದ 5. ತೊಡಕುಗಳು ಮಾತ್ರ ಅಷ್ಟು ಕರಗಿಲ್ಲ. ಇಂದಿಗೂ ಹತ್ತರಲ್ಲಿ ನಾಲ್ವರಿಗೆ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ.

ಸೋರಿಕೆಯ ಲೆಕ್ಕ ಹಾಕುವುದೇ ಬಹಳ ಕಾಲ ಗೊಂದಲದ ವಿಷಯವಾಗಿತ್ತು. ಎಷ್ಟು ರಸ, ಎಷ್ಟನೆಯ ದಿನ, ಅದರಲ್ಲಿ ಗ್ರಂಥಿಯ ಕಿಣ್ವವಾದ ಅಮೈಲೇಸ್ ಎಷ್ಟು ಇದ್ದರೆ ಸೋರಿಕೆ ಎನ್ನಬೇಕು? ಒಬ್ಬೊಬ್ಬರದು ಒಂದೊಂದು ಅಳತೆ. ವೆರೋನಾದ ತಂಡವೊಂದು ತನ್ನದೇ ರೋಗಿಗಳ ಮೇಲೆ ನಾಲ್ಕು ಬಗೆಯ ವ್ಯಾಖ್ಯೆ ಹಚ್ಚಿ ನೋಡಿದಾಗ ಅದೇ ಗುಂಪಿನ ಸೋರಿಕೆ ಸುಮಾರು ಶೇ. 10ರಿಂದ ಶೇ. 28ರವರೆಗೆ ಏರಿಳಿಯಿತು. ತನ್ನ ಹೊಲಿಗೆ ಎಲ್ಲರದಕ್ಕಿಂತ ಮೇಲೆಂದು ಹೇಳಿಕೊಳ್ಳಬೇಕಿದ್ದ ಸರ್ಜನ್ ಹೊಲಿಗೆಯ ಬದಲು ವ್ಯಾಖ್ಯೆಯನ್ನು ಬದಲಿಸಿದರೂ ಸಾಕಾಗಿತ್ತು! 2005ರಲ್ಲಿ ಅಂತರರಾಷ್ಟ್ರೀಯ ಗುಂಪೊಂದು ಕೂತು ಒಂದೇ ಅಳತೆಗೋಲು ಮಾಡಿತು: ಮೂರನೆಯ ದಿನ ಅಥವಾ ಅದರ ನಂತರ, ಹೊಲಿಗೆಯ ಬಳಿ ಇಟ್ಟ ಡ್ರೈನ್ ಕೊಳವೆಯಲ್ಲಿ ಬರುವ ದ್ರವದ ಅಮೈಲೇಸ್ ರಕ್ತದಲ್ಲಿರಬೇಕಾದ ಗರಿಷ್ಠ ಮಿತಿಯ ಮೂರು ಪಟ್ಟು ಮೀರಿದರೆ ಸೋರಿಕೆ. 2016ರಲ್ಲಿ ಅದನ್ನು ಇನ್ನಷ್ಟು ತಿದ್ದಿದರು. ರೋಗಿಗೆ ಏನೂ ತೊಂದರೆಯಿಲ್ಲದೆ ಬರೀ ಲ್ಯಾಬ್ ವರದಿಯಲ್ಲಿ ಕಾಣುವುದನ್ನು ಸೋರಿಕೆಯ ಪಟ್ಟಿಯಿಂದಲೇ ತೆಗೆದರು. ಚಿಕಿತ್ಸೆಯ ದಾರಿ ಬದಲಿಸಬೇಕಾದದ್ದು 'ಬಿ' ದರ್ಜೆ. ಮರುಶಸ್ತ್ರಚಿಕಿತ್ಸೆ, ಅಂಗವೈಫಲ್ಯ ಅಥವಾ ಸಾವಿನವರೆಗೆ ಒಯ್ಯುವುದು 'ಸಿ' ದರ್ಜೆ. ಈ ಕ್ಷೇತ್ರದಲ್ಲಿ ಹೋಲಿಕೆ ಎಂಬುದು ಸಾಧ್ಯವಾದದ್ದೇ ಇದರ ನಂತರ. 2005ಕ್ಕೆ ಮೊದಲಿನ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಅಳತೆ ಒಂದಾದ ಮೇಲೆ ಸ್ಪಷ್ಟವಾದ ಇನ್ನೊಂದು ಸಂಗತಿ ಸರ್ಜನ್‌ಗಳ ಅಭಿಮಾನಕ್ಕೆ ಅಷ್ಟು ಹಿತವಾದದ್ದಲ್ಲ. ಸೋರುವುದೋ ಇಲ್ಲವೋ ಎಂಬುದರ ಬಹುಪಾಲು ಸೂಜಿ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ. 2013ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಸೋರಿಕೆ ಅಪಾಯದ ಅಂಕಪಟ್ಟಿಯಲ್ಲಿ ಒಟ್ಟು ಹತ್ತು ಅಂಕ. ಗ್ರಂಥಿ ಮೆತ್ತಗಿದ್ದರೆ ಎರಡು. ರಸನಾಳ 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೊನ್ನೆ, 1 ಮಿಲಿಮೀಟರಿಗೆ ಇಳಿದರೆ ನಾಲ್ಕು. ಗ್ರಂಥಿಯದೇ ಕ್ಯಾನ್ಸರ್ ಅಥವಾ ದೀರ್ಘಕಾಲದ ಉರಿಯೂತವಲ್ಲದ ಬೇರೆ ಗಡ್ಡೆಯಾಗಿದ್ದರೆ ಒಂದು. ಉಳಿದ ಮೂರು ಅಂಕ ರಕ್ತಸ್ರಾವಕ್ಕೆ. ಅಂದರೆ ಹತ್ತರಲ್ಲಿ ಏಳು ಅಂಕ ರೋಗಿಯ ಗ್ರಂಥಿಯದು, ಮೂರಷ್ಟೇ ಆಪರೇಷನ್ ಥಿಯೇಟರಿನಲ್ಲಿ ಆಗುವುದರದು. ಇಲ್ಲಿ ವಿಚಿತ್ರ ಒಂದಿದೆ. ಕ್ಯಾನ್ಸರ್ ನಾಳವನ್ನು ಅಡ್ಡಗಟ್ಟಿದಾಗ ಅದರ ಹಿಂದಿನ ಗ್ರಂಥಿ ಗಟ್ಟಿಯಾಗಿ ನಾರುಗಟ್ಟುತ್ತದೆ, ನಾಳ ಹಿಗ್ಗುತ್ತದೆ. ಹೊಲಿಗೆ ಚೆನ್ನಾಗಿ ಕೂರುತ್ತದೆ. ಇನ್ನೂ ಕ್ಯಾನ್ಸರಾಗದ ಸಣ್ಣ ಗಡ್ಡೆಗೆಂದು ಬಂದವರ ಗ್ರಂಥಿ ಮೆತ್ತಗೆ, ನಾಳ ಎಳೆಯಷ್ಟು. ಕಾಯಿಲೆ ಕಡಿಮೆ ಭಯಂಕರವಾದಷ್ಟೂ ಶಸ್ತ್ರಚಿಕಿತ್ಸೆ ಹೆಚ್ಚು ಭಯಂಕರ. ಕೇರಳ ಮತ್ತು ದಕ್ಷಿಣ ಭಾರತದ ಇತರೆಡೆ ಹಿಂದಿನಿಂದ ಕಂಡುಬಂದಿರುವ ಕಲ್ಲುಗಟ್ಟುವ ದೀರ್ಘಕಾಲದ ಉರಿಯೂತದಲ್ಲಿ ಗ್ರಂಥಿ ಕಟ್ಟಿಗೆಯಾಗಿರುತ್ತದೆ. ಅದನ್ನು ಉದ್ದಕ್ಕೂ ಸೀಳಿ ಕಲ್ಲು ತೆಗೆದು ಕರುಳಿಗೆ ಜೋಡಿಸುವ ಫ್ರೇ ವಿಧಾನದಲ್ಲಿ ಸೋರಿಕೆ ಅಷ್ಟಾಗಿ ಕಾಡದಿರುವುದು ಇದೇ ಕಾರಣಕ್ಕೆ.

ಇನ್ನು ಹೊಲಿಗೆಗೆ ಬರೋಣ. ವಿಧಾನಗಳು ಹತ್ತಾರಿದ್ದರೂ ಮೂಲದಲ್ಲಿ ಎರಡು ಬಗೆ. ಒಂದರಲ್ಲಿ ಗ್ರಂಥಿಯ ಕತ್ತರಿಸಿದ ತುದಿಯನ್ನು ಒಂದೆರಡು ಸೆಂಟಿಮೀಟರ್ ಕರುಳಿನೊಳಕ್ಕೆ ತೂರಿಸಿ ಸುತ್ತಲೂ ಹೊಲಿಯುತ್ತಾರೆ. ಇನ್ನೊಂದರಲ್ಲಿ ರಸನಾಳದ ಬಾಯನ್ನು ಕರುಳಿನ ಒಳಪದರಕ್ಕೆ ನೇರ ಕೂಡಿಸುತ್ತಾರೆ. ಎರಡನೆಯದು ನೋಡಲು ಗಡಿಯಾರ ರಿಪೇರಿಯವರ ಕೆಲಸ. ಸರ್ಜನ್ ಕಣ್ಣಿಗೆ ದೊಡ್ಡದಾಗಿ ತೋರಿಸುವ ಕನ್ನಡಕ ಇರುತ್ತದೆ. ಎದುರಿಗಿರುವುದು ಎರಡು ಮೂರು ಮಿಲಿಮೀಟರ್ ಅಗಲದ ನಾಳ. ಕರುಳಿನಲ್ಲಿ ಅಷ್ಟೇ ಅಗಲದ ತೂತನ್ನು ಸುಟ್ಟು ಮಾಡಲಾಗಿದೆ. ಹಿಂಬದಿಯ ಹೊಲಿಗೆಗಳನ್ನೆಲ್ಲ ಮೊದಲು ಹಾಕಿ, ದಾರಗಳನ್ನು ಸಾಲಾಗಿ ಕ್ಲಿಪ್ಪಿಗೆ ಸಿಕ್ಕಿಸಿ, ಗಂಟುಗಳನ್ನು ಆಮೇಲೆ ಒಂದೊಂದಾಗಿ ಕಟ್ಟುತ್ತಾರೆ. ಮುಂಬದಿ ಹೊಲಿಯುವಾಗ ಸೂಜಿ ಗೊತ್ತಾಗದೆ ಹಿಂಬದಿಯ ಗೋಡೆಯನ್ನೂ ಕಚ್ಚಿಬಿಟ್ಟರೆ ನಾಳ ಮುಚ್ಚಿಹೋದಂತೆಯೇ. ಅದಕ್ಕಾಗಿ ಒಂದು ಸಪೂರ ಪ್ಲಾಸ್ಟಿಕ್ ನಳಿಗೆ ಒಳಗಿಟ್ಟುಕೊಂಡಿರುತ್ತಾರೆ. ಗಂಟು ಕಟ್ಟುವಾಗ ಬೆರಳು ಮೇಲಕ್ಕೆ ಎಳೆಯುವಂತಿಲ್ಲ, ಕೆಳಕ್ಕೆ ಇಳಿಸುತ್ತ ಹೋಗಬೇಕು. ಎಳೆದರೆ ಮೆತ್ತನೆಯ ಗ್ರಂಥಿ ಅಲ್ಲೇ ಸೀಳುತ್ತದೆ.

ಆ ಸೀಳುವಿಕೆಗೆ ಉಪಾಯ ಹುಡುಕಿದವರು ಲೆಸ್ಲಿ ಬ್ಲೂಮ್‌ಗಾರ್ಟ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಗ್ಲಾಸ್ಗೊ, ಲಂಡನ್, ಬರ್ನ್ ಸುತ್ತಿ ನ್ಯೂಯಾರ್ಕಿನಲ್ಲಿ ನೆಲೆನಿಂತವರು. ಗ್ರಂಥಿಯ ಅಂಚನ್ನು ಅಡ್ಡಡ್ಡವಾಗಿ ಕಚ್ಚುವ ಬದಲು ಇಡೀ ದಪ್ಪವನ್ನು ಮುಂದಿನಿಂದ ಹಿಂದಕ್ಕೆ ದಾಟಿಸಿ, ಕರುಳನ್ನು ಹಿಡಿದು, ಮತ್ತೆ ಹಿಂದಿನಿಂದ ಮುಂದಕ್ಕೆ ತರುವ ಹೊಲಿಗೆ ಅವರದು. ಹೀಗೆ ಮೂರು ನಾಲ್ಕು ಹಾಕಿ, ಕರುಳನ್ನು ಗ್ರಂಥಿಯ ಮೇಲೆ ಹೊದಿಸಿದಂತೆ ಬಿಗಿಯುತ್ತಾರೆ. ಒತ್ತಡವೆಲ್ಲ ಕರುಳಿನ ಗಟ್ಟಿ ಗೋಡೆಯ ಮೇಲೆ ಬೀಳುತ್ತದೆ, ಗ್ರಂಥಿಯ ಮೇಲಲ್ಲ. ತರ್ಕ ಎಷ್ಟು ಚೆನ್ನಾಗಿದೆಯೆಂದರೆ ಇದು ಗೆಲ್ಲಲೇಬೇಕು ಅನ್ನಿಸುತ್ತದೆ. ಒಂದೊಂದೇ ಆಸ್ಪತ್ರೆ ತನ್ನ ಹಿಂದಿನ ಫಲಿತಾಂಶದ ಜೊತೆ ಹೋಲಿಸಿದಾಗ ಗೆದ್ದಿತು ಕೂಡ. ಜಪಾನಿನಲ್ಲಿ ಲಾಟರಿ ಕ್ರಮದಲ್ಲಿ ರೋಗಿಗಳನ್ನು ಎರಡು ಗುಂಪಾಗಿ ಹಂಚಿ ನೋಡಿದಾಗ ಹಳೆಯ ಬಿಡಿಬಿಡಿ ಹೊಲಿಗೆಗಿಂತ ಅದು ಮೇಲೆಂದು ಸಾಬೀತಾಗಲಿಲ್ಲ.

ಈ ಕಥೆ ಮತ್ತೆ ಮತ್ತೆ ಮರುಕಳಿಸುತ್ತದೆ. ನಾಳ ಕೂಡಿಸುವುದು ಮೇಲೋ, ತೂರಿಸುವುದು ಮೇಲೋ? ಇಟಲಿಯ 2003ರ ಪ್ರಯೋಗದಲ್ಲಿ ಎರಡೂ ಸಮ. ಅಮೆರಿಕದ ಎರಡು ಆಸ್ಪತ್ರೆಗಳ 2009ರ ಪ್ರಯೋಗದಲ್ಲಿ ತೂರಿಸಿದವರಲ್ಲಿ ಶೇ. 12, ನಾಳ ಕೂಡಿಸಿದವರಲ್ಲಿ ಶೇ. 24 ಸೋರಿಕೆ, ಎಷ್ಟೋ ಜನ ಹೆಚ್ಚು ನಾಜೂಕಿನದೆಂದು ನಂಬಿದ್ದ ವಿಧಾನವೇ ಸೋತಿತ್ತು. ಕರುಳಿನ ಬದಲು ಜಠರದ ಹಿಂಬದಿಗೆ ಗ್ರಂಥಿಯನ್ನು ಜೋಡಿಸಿದರೆ? ಜಠರ ಹೇಗೂ ಗ್ರಂಥಿಯ ಮೇಲೆಯೇ ಮಲಗಿದೆ, ಅದರ ಗೋಡೆ ದಪ್ಪ, ಅಲ್ಲಿ ಎಂಟರೋಕೈನೇಸ್ ಇಲ್ಲ. 1995ರಲ್ಲಿ ಹಾಪ್ಕಿನ್ಸ್ ಪ್ರಯೋಗ ಎರಡೂ ಒಂದೇ ಎಂದಿತು. 2013ರಲ್ಲಿ ಬೆಲ್ಜಿಯಂನ ಆಸ್ಪತ್ರೆಗಳು ಕರುಳಿಗೆ ಜೋಡಿಸಿದಾಗ ಸುಮಾರು ಶೇ. 20, ಜಠರಕ್ಕೆ ಜೋಡಿಸಿದಾಗ ಶೇ. 8 ಎಂದವು, ಸಭೆಗಳಲ್ಲಿ ಜಠರದ ಕಡೆಯವರ ದನಿ ಜೋರಾಯಿತು. 2016ರಲ್ಲಿ ಜರ್ಮನಿಯ 320 ರೋಗಿಗಳ ಪ್ರಯೋಗ ಬಂತು: ಜಠರ ಶೇ. 20, ಕರುಳು ಶೇ. 22. ಜೊತೆಗೆ ಜಠರದ ಗುಂಪಿನಲ್ಲಿ ರಕ್ತಸ್ರಾವ ಹೆಚ್ಚು. ಅಲ್ಲಿಗೆ ಆ ವಾದದ ಕಾವು ತಗ್ಗಿತು.

ಚೀನಾದ ಹಾಂಗ್‌ಝೌನಲ್ಲಿ ಪೆಂಗ್ ಶುಯೌ ತಂಡ ಗ್ರಂಥಿಯ ಬುಡವನ್ನು ಕರುಳಿನೊಳಗೆ ತೂರಿಸಿ, ಹೊರಗಿನಿಂದ ದಾರವೊಂದನ್ನು ಸುತ್ತಿ ಕಟ್ಟುವ ವಿಧಾನ ಕಂಡುಹಿಡಿಯಿತು; ಹೊರಪದರದಲ್ಲಿ ಸೂಜಿಯ ತೂತೇ ಇಲ್ಲದಿದ್ದರೆ ಸೋರುವುದು ಎಲ್ಲಿಂದ ಎಂಬ ತರ್ಕ. 2007ರ ವರದಿಯಲ್ಲಿ ಅವರ ಗುಂಪಿನ ಸೋರಿಕೆ ಸೊನ್ನೆ. ಬೇರೆ ದೇಶಗಳಲ್ಲಿ ಮಾಡಿದವರ ಕೈಯಲ್ಲಿ ಆ ಸೊನ್ನೆ ಉಳಿಯಲಿಲ್ಲ. ಅಂಟು ಹಚ್ಚುವುದಂತೂ ದುಬಾರಿ ನಿರಾಶೆ. ಫೈಬ್ರಿನ್ ಅಂಟನ್ನು ಹೊಲಿಗೆಯ ಮೇಲೆ ಸವರಿ ನಡೆಸಿದ ಪ್ರಯೋಗಗಳಲ್ಲಿ ಲಾಭ ಕಾಣಲಿಲ್ಲ, ಆದರೂ ಬಿಲ್ಲಿನಲ್ಲಿ ಅದು ಅಲ್ಲಲ್ಲಿ ಇನ್ನೂ ಕಾಣುತ್ತದೆ.

ಹೊಲಿಗೆಯ ಸುತ್ತಲಿನ ತಂತ್ರಗಳಲ್ಲಿ ಎರಡಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೊದಲನೆಯದು ರಕ್ತಸಂಚಾರ. ಗ್ರಂಥಿಯ ಕುತ್ತಿಗೆಗೆ ಎರಡೂ ಕಡೆಯಿಂದ ಬರುವ ರಕ್ತ ಅಲ್ಲಿ ಕೊನೆಗೊಳ್ಳುವುದರಿಂದ ಕತ್ತರಿಸಿದ ಅಂಚು ಕೆಲವೊಮ್ಮೆ ರಕ್ತವಿಲ್ಲದೆ ಬಿಳಿಚಿಕೊಂಡಿರುತ್ತದೆ. ಸೇಂಟ್ ಲೂಯಿಯ ಸ್ಟೀವನ್ ಸ್ಟ್ರಾಸ್‌ಬರ್ಗ್ ತಂಡ ಅಂಚಿನಿಂದ ರಕ್ತ ಚೆನ್ನಾಗಿ ಒಸರುವವರೆಗೆ ಇನ್ನಷ್ಟು ಹಿಂದಕ್ಕೆ ಕತ್ತರಿಸಿ, ಆಮೇಲೆ ಹೊಲಿದು, 2002ರಲ್ಲಿ ಶೇ. 2ಕ್ಕಿಂತ ಕಡಿಮೆ ಸೋರಿಕೆ ವರದಿ ಮಾಡಿತು. ಹೋಲಿಕೆಯ ಗುಂಪಿಲ್ಲದ ಅಧ್ಯಯನ ಅದು, ಅಂಕಿಯನ್ನು ಹಾಗೇ ನಂಬಬೇಕಿಲ್ಲ. ಆದರೆ ಹೊಲಿದು ಉಳಿದ ಗ್ರಂಥಿಯ ಬುಡದಲ್ಲೇ ಉರಿಯೂತವಾಗಿ ಸೋರಿಕೆಗೆ ದಾರಿಯಾಗುತ್ತದೆ ಎಂಬ ಇತ್ತೀಚಿನ ತಿಳಿವಳಿಕೆಗೆ ಅದು ಹತ್ತಿರವಿದೆ. ಎರಡನೆಯದು ರಸವನ್ನೇ ಹೊಲಿಗೆಯಿಂದ ದೂರ ಸಾಗಿಸುವುದು: ನಾಳದೊಳಗೆ ಸಪೂರ ಕೊಳವೆಯಿಟ್ಟು, ಕರುಳಿನ ಮೂಲಕ ಹೊಟ್ಟೆಯ ಹೊರಗೆ ತೆಗೆದು ಚೀಲಕ್ಕೆ ಬಿಡುತ್ತಾರೆ. ಹಾಂಕಾಂಗ್‌ನಲ್ಲಿ 2007ರಲ್ಲಿ ಹೀಗೆ ಮಾಡಿದವರಲ್ಲಿ ಸೋರಿಕೆ ಶೇ. 7ರಷ್ಟು, ಮಾಡದವರಲ್ಲಿ ಶೇ. 20, ಫ್ರಾನ್ಸಿನಲ್ಲಿ 2011ರಲ್ಲಿ ಅಪಾಯ ಹೆಚ್ಚಿರುವವರನ್ನೇ ಆರಿಸಿ ಮಾಡಿದಾಗ ಶೇ. 26 ಮತ್ತು 42. ಬೇರೆ ಬೇರೆ ಖಂಡಗಳಲ್ಲಿ ಎರಡು ಬಾರಿ ಒಂದೇ ಉತ್ತರ ಬಂದ ತಂತ್ರ ಈ ಕ್ಷೇತ್ರದಲ್ಲಿ ಅಪರೂಪ. ಅದೇ ನಳಿಗೆಯನ್ನು ಹೊರಗೆ ತೆಗೆಯದೆ ಒಳಗೇ ಬಿಟ್ಟ ಪ್ರಯೋಗದಲ್ಲಿ ಲಾಭವಿರಲಿಲ್ಲ. ಮೆತ್ತನೆಯ ಗ್ರಂಥಿ, ಎಳೆಯಂಥ ನಾಳ ಎದುರಾದಾಗ ಹೊರಗಿನ ಸ್ಟೆಂಟ್ ಹಾಕುವ ಸರ್ಜನ್‌ಗಳಿಗೆ ಆಧಾರವಿದೆ. ವಾರಗಟ್ಟಲೆ ಚೀಲ ಹೊತ್ತು ತಿರುಗುವ ಕಿರಿಕಿರಿ ರೋಗಿಯದು.

ಗ್ರಂಥಿಯ ಬಾಲಭಾಗ ತೆಗೆದಾಗ ಜೋಡಿಸುವುದೇನಿಲ್ಲ, ತುದಿ ಮುಚ್ಚಿದರಾಯಿತು. ಕೈಯಿಂದ ಹೊಲಿಯುವುದೋ, ಸ್ಟೇಪ್ಲರ್ ಒತ್ತುವುದೋ? 2011ರಲ್ಲಿ ಯುರೋಪಿನ 21 ಆಸ್ಪತ್ರೆಗಳ ಪ್ರಯೋಗದಲ್ಲಿ ಸ್ಟೇಪ್ಲರ್ ಶೇ. 32, ಹೊಲಿಗೆ ಶೇ. 28, ವ್ಯತ್ಯಾಸವಿಲ್ಲ. ಪಟ್ಟಿ ಕೂರಿಸಿದ ಸ್ಟೇಪ್ಲರ್ ಬಂತು, ಮೊದಲ ಪ್ರಯೋಗದಲ್ಲಿ ಅದ್ಭುತ ಅನ್ನಿಸಿತು, ನಂತರದವುಗಳಲ್ಲಿ ಅಷ್ಟಿಲ್ಲ. ಯಂತ್ರವನ್ನು ನಿಧಾನವಾಗಿ, ಹಂತಹಂತವಾಗಿ ನಿಮಿಷಗಟ್ಟಲೆ ಒತ್ತಿ ಗ್ರಂಥಿ ಚಪ್ಪಟೆಯಾದ ಮೇಲೆಯೇ ಪಿನ್ನು ಹೊಡೆಯುವ ಅಭ್ಯಾಸ ಈಗ ಬೆಳೆದಿದೆ. ಅದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

ರಸವನ್ನೇ ಕಡಿಮೆ ಮಾಡುವ ಔಷಧಗಳಲ್ಲೂ ಇದೇ ಏರಿಳಿತ. ಆಕ್ಟ್ರಿಯೊಟೈಡ್ ಯುರೋಪಿನಲ್ಲಿ ಫಲ ಕೊಟ್ಟಿತು, ಅಮೆರಿಕದಲ್ಲಿ ಕೊಡಲಿಲ್ಲ. 2014ರಲ್ಲಿ ನ್ಯೂಯಾರ್ಕಿನ ಪ್ರಯೋಗದಲ್ಲಿ ಪ್ಯಾಸಿರಿಯೊಟೈಡ್ ತೊಂದರೆ ಕೊಡುವ ಸೋರಿಕೆಯನ್ನು ಶೇ. 21ರಿಂದ 9ಕ್ಕೆ ಇಳಿಸಿತು. ಆ ಮದ್ದು ತೀರಾ ದುಬಾರಿ, ಬೇರೆ ಕೇಂದ್ರಗಳಲ್ಲಿ ಫಲಿತಾಂಶ ಏಕರೂಪವಾಗಿಲ್ಲ. ಫಿನ್ಲೆಂಡಿನವರು ಅಗ್ಗದ ಹೈಡ್ರೊಕಾರ್ಟಿಸೋನನ್ನು ಚಿಕ್ಕ ಗುಂಪಿನಲ್ಲಿ ಪರೀಕ್ಷಿಸಿ ಆಸೆ ಹುಟ್ಟಿಸಿದ್ದಾರೆ.

ಡ್ರೈನ್ ಕೊಳವೆಯ ಪ್ರಶ್ನೆ ಇದಕ್ಕಿಂತ ಹೆಚ್ಚು ಕಲಿಸಿದೆ. ಆಪರೇಷನ್ ಮುಗಿದ ಮೇಲೆ ಹೊಲಿಗೆಯ ಬಳಿ ರಬ್ಬರ್ ಅಥವಾ ಸಿಲಿಕೋನ್ ಕೊಳವೆಯಿಟ್ಟು ಹೊರತೆಗೆಯುವುದು ಹಳೆಯ ಪದ್ಧತಿ. ಕೊಳವೆಯೇ ಸೋಂಕು ತರುತ್ತದೆ, ಬೇಡ ಎಂಬ ವಾದವೂ ಇತ್ತು. 2014ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಲು ಹೊರಟಾಗ ಕೊಳವೆಯಿಲ್ಲದ ಗುಂಪಿನಲ್ಲಿ ಮೂರು ತಿಂಗಳೊಳಗಿನ ಸಾವು ಶೇ. 12ಕ್ಕೆ ಏರಿತು, ಕೊಳವೆಯಿದ್ದವರಲ್ಲಿ ಶೇ. 3. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡೇ ವರ್ಷದ ನಂತರ ಜರ್ಮನಿಯ ಪ್ರಯೋಗ ಕೊಳವೆ ಇಲ್ಲದಿದ್ದರೂ ನಷ್ಟವಿಲ್ಲ ಎಂದಿತು. ವಿರೋಧವೆಂದು ಕಾಣುವ ಇವೆರಡರ ನಡುವೆ ವೆರೋನಾದ ಉಪಾಯ ನನಗೆ ಬುದ್ಧಿವಂತಿಕೆಯದು ಅನ್ನಿಸುತ್ತದೆ: ಮೊದಲ ದಿನವೇ ಕೊಳವೆಯ ದ್ರವದ ಅಮೈಲೇಸ್ ನೋಡಿ, 5000 ಯೂನಿಟ್ ಮೀರದಿದ್ದರೆ ಮೂರನೆಯ ದಿನಕ್ಕೆ ತೆಗೆದುಬಿಡಿ. 2010ರಲ್ಲಿ ಹಾಗೆ ತೆಗೆದವರಲ್ಲಿ ಸೋರಿಕೆ ಶೇ. 2ರೊಳಗೆ, ಐದು ದಿನ ಅಥವಾ ಅದಕ್ಕಿಂತ ಹೆಚ್ಚು ಇಟ್ಟವರಲ್ಲಿ ಶೇ. 26. ಬೇಕಾದವರಿಗೆ ಇಡುವುದು, ಬೇಡವಾದವರಿಂದ ಬೇಗ ಕೀಳುವುದು; ಅದಕ್ಕೆ ಒಂದು ಲ್ಯಾಬ್ ಪರೀಕ್ಷೆ ಸಾಕು.

ಕಾಮಾಲೆ ಬಂದವರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಎಂಡೊಸ್ಕೋಪಿಯಲ್ಲಿ ಸ್ಟೆಂಟ್ ಹಾಕಿ ಪಿತ್ತ ಇಳಿಸುವುದು ನಮ್ಮಲ್ಲಿ ಸಾಮಾನ್ಯ. ನೆದರ್ಲೆಂಡ್ಸ್‌ನ 2010ರ ಪ್ರಯೋಗದಲ್ಲಿ ಎಲ್ಲರಿಗೂ ಹೀಗೆ ಮಾಡಿದಾಗ ಗಂಭೀರ ತೊಡಕು ಶೇ. 74, ನೇರವಾಗಿ ಆಪರೇಷನ್ ಮಾಡಿದಾಗ ಶೇ. 39. ಕರುಳಿನ ಬ್ಯಾಕ್ಟೀರಿಯಾ ಸ್ಟೆಂಟ್ ಹಿಡಿದು ಪಿತ್ತಕ್ಕೆ ಏರುತ್ತವೆ. ಜ್ವರ ಬಂದಿರುವವರಿಗೆ, ಬಿಲಿರುಬಿನ್ ತೀರಾ ಏರಿದವರಿಗೆ, ಮೊದಲು ಕಿಮೋ ಬೇಕಾದವರಿಗೆ ಸ್ಟೆಂಟ್ ಬೇಕೇ ಬೇಕು. ಬಾಕಿಯವರಿಗೆ ಅದು ಹೆಚ್ಚಾಗಿ ಕಾಯುವ ಪಟ್ಟಿಯ ಅನಿವಾರ್ಯತೆ. ಈ ಸೋಂಕಿನ ಎಳೆಯನ್ನು ಹಿಡಿದ ಅಮೆರಿಕ, ಕೆನಡಾಗಳ 26 ಆಸ್ಪತ್ರೆಗಳು 2023ರಲ್ಲಿ ಆಪರೇಷನ್ ಹೊತ್ತಿನ ಆಂಟಿಬಯೋಟಿಕ್ ಬದಲಿಸಿ ನೋಡಿದವು. ಸಿಫಾಕ್ಸಿಟಿನ್ ಬದಲು ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಕೊಟ್ಟಾಗ ಗಾಯದ ಸೋಂಕು ಶೇ. 33ರಿಂದ 20ಕ್ಕೆ ಇಳಿಯಿತು. ಕುತೂಹಲದ ಸಂಗತಿಯೆಂದರೆ ತೊಂದರೆ ಕೊಡುವ ಸೋರಿಕೆಯೂ ಶೇ. 19ರಿಂದ 13ಕ್ಕೆ ಇಳಿಯಿತು. ಹೊಲಿಗೆ ಯಾರೂ ಬದಲಿಸಿರಲಿಲ್ಲ! ಇಲ್ಲೊಂದು ಎಚ್ಚರಿಕೆ: ನಮ್ಮ ಆಸ್ಪತ್ರೆಗಳ ಪಿತ್ತದಲ್ಲಿ ಕಾಣುವ ಬ್ಯಾಕ್ಟೀರಿಯಾಗಳಲ್ಲಿ ಈ ಮದ್ದಿಗೂ ಮಣಿಯದವು ಬಹಳ. ಅಲ್ಲಿನ ಚೀಟಿಯನ್ನು ಇಲ್ಲಿ ನಕಲು ಮಾಡಿದರೆ ಅದೇ ಫಲ ಸಿಗುವ ಖಾತರಿಯಿಲ್ಲ. ಸ್ಥಳೀಯ ಕಲ್ಚರ್ ವರದಿಯೇ ದಾರಿ.

ಜಠರ ಕೆಲಸಕ್ಕಿಳಿಯಲು ತಡವಾಗಿ ವಾರಗಟ್ಟಲೆ ವಾಂತಿಯಾಗುವುದು ಇನ್ನೊಂದು ತೊಡಕು. ಸಣ್ಣ ಕರುಳನ್ನು ದೊಡ್ಡ ಕರುಳಿನ ಮುಂದಿನಿಂದ ತಂದು ಜೋಡಿಸಬೇಕೋ ಹಿಂದಿನಿಂದಲೋ, ಜಠರದ ಬಾಗಿಲನ್ನು ಉಳಿಸಬೇಕೋ ಕತ್ತರಿಸಬೇಕೋ ಎಂದು ಚರ್ಚಿಸಿದ್ದೇ ಚರ್ಚಿಸಿದ್ದು. ಜಪಾನಿನ ಚಿಕ್ಕ ಪ್ರಯೋಗಗಳಲ್ಲಿ ಅಪಾರ ವ್ಯತ್ಯಾಸ ಕಂಡರೆ, ಡಚ್ಚರು, ಜರ್ಮನರು ದೊಡ್ಡದಾಗಿ ಮಾಡಿದಾಗ ಅದು ಮಾಯ.

ಕೀಹೋಲ್ ವಿಧಾನದ ಬಗ್ಗೆ ಜಾಹೀರಾತುಗಳು ಹೇಳದ ಒಂದು ಮಾತು. ಬಾಲಭಾಗ ತೆಗೆಯಲು ಅದು ಒಳ್ಳೆಯದೇ. ಡಚ್ಚರ 2019ರ ಪ್ರಯೋಗದಲ್ಲಿ ಚೇತರಿಕೆ ಆರು ದಿನದಿಂದ ನಾಲ್ಕಕ್ಕೆ ಇಳಿಯಿತು. ಅದೇ ವರ್ಷ ಅದೇ ದೇಶದಲ್ಲಿ ಲ್ಯಾಪರೊಸ್ಕೋಪಿಯ ವಿಪ್ಪಲ್ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 50 ರೋಗಿಗಳಲ್ಲಿ ಐವರು ತೊಡಕಿನಿಂದ ತೀರಿಕೊಂಡಿದ್ದರು, ಹೊಟ್ಟೆ ತೆರೆದು ಮಾಡಿದ 49ರಲ್ಲಿ ಒಬ್ಬರು. ಆಪರೇಷನ್ ಮಾಡಿದವರು ತರಬೇತಿ ಪಡೆದ ಸರ್ಜನ್‌ಗಳೇ. ಸಣ್ಣ ಗಾಯದ ಆಸೆಗೆ ಕಲಿಕೆಯ ಹಂತದಲ್ಲಿರುವ ಕೈಗೆ ಸಿಕ್ಕಬೇಡಿ ಎಂದಷ್ಟೇ ಇದರಿಂದ ಹೇಳಬಹುದು; ಸಾವಿರಗಟ್ಟಲೆ ಮಾಡಿ ಪಳಗಿದ ಕೇಂದ್ರಗಳ ಮಾತು ಬೇರೆ.

ಇಷ್ಟೆಲ್ಲ ಹೊಲಿಗೆ, ಅಂಟು, ನಳಿಗೆಗಳ ನಡುವೆಯೂ ಸೋರಿಕೆ ಹೋಗಿಲ್ಲ ಎಂದಾದರೆ ಸಾವು ಇಳಿದದ್ದು ಹೇಗೆ? ಸೋರಿದವರನ್ನು ಉಳಿಸಿಕೊಳ್ಳಲು ಕಲಿತದ್ದರಿಂದ. ಮೊದಲೆಲ್ಲ ದೊಡ್ಡ ಸೋರಿಕೆಯೆಂದರೆ ಮತ್ತೆ ಹೊಟ್ಟೆ ತೆರೆಯುವುದು. ಡಚ್ ರೋಗಿಗಳ ಹೋಲಿಕೆಯಲ್ಲಿ ಮೊದಲು ಮರುಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ಶೇ. 36 ಸತ್ತರೆ, ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕ ಕೊಳವೆ ತೂರಿಸಿ ಕೀವು ತೆಗೆದವರಲ್ಲಿ ಶೇ. 14. ರಕ್ತಸ್ರಾವವೂ ಹಾಗೆಯೇ. ದೊಡ್ಡದು ಬರುವ ಮುನ್ನ ಹಲವು ಬಾರಿ ಕೊಳವೆಯಲ್ಲಿ ಒಂದಿಷ್ಟು ರಕ್ತ ಕಾಣಿಸಿ ನಿಂತುಬಿಡುತ್ತದೆ. ನಿಂತಿತಲ್ಲ ಎಂದು ಸುಮ್ಮನಾದರೆ ಮುಂದಿನ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಕೈಮೀರಬಹುದು. ಆ ಸಣ್ಣ ರಕ್ತ ಕಂಡ ಕೂಡಲೇ ಸಿಟಿ ಆಂಜಿಯೊ ಮಾಡಿ, ತೊಡೆಸಂದಿಯ ರಕ್ತನಾಳದಿಂದ ಹೋಗಿ ರಕ್ತನಾಳ ಮುಚ್ಚುವ ಕಾಯಿಲ್ ಅಥವಾ ಹೊದಿಕೆಯಿರುವ ಸ್ಟೆಂಟ್ ಕೂರಿಸಿದರೆ ಬಹಳಷ್ಟು ಜನ ಉಳಿಯುತ್ತಾರೆ. ರಕ್ತನಾಳದ ಬುಡಕ್ಕೆ ಹೊಟ್ಟೆಯೊಳಗಿನದೇ ಪದರವೊಂದನ್ನು ಮೊದಲೇ ಸುತ್ತಿಬಿಡುವ ಸರ್ಜನ್‌ಗಳೂ ಇದ್ದಾರೆ.

ಇದನ್ನೆಲ್ಲ ಒಂದು ಕ್ರಮಕ್ಕೆ ತಂದವರೂ ಡಚ್ಚರೇ. 2018, 2019ರಲ್ಲಿ ಆ ದೇಶದಲ್ಲಿ ಮೇದೋಜೀರಕ ಶಸ್ತ್ರಚಿಕಿತ್ಸೆ ನಡೆಸುವ ಎಲ್ಲ 17 ಕೇಂದ್ರಗಳಲ್ಲಿ, 1748 ರೋಗಿಗಳಲ್ಲಿ, ಒಂದು ನಿಯಮಾವಳಿ ಜಾರಿ ಮಾಡಿ ನೋಡಿದರು. ಆಪರೇಷನ್ ನಂತರ ದಿನವೂ ರೋಗಿಯ ಸ್ಥಿತಿ, ರಕ್ತಪರೀಕ್ಷೆ, ಕೊಳವೆಯ ದ್ರವ ನೋಡಿ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವುದು. ಯಾವ ಅಂಕಿ ದಾಟಿದರೆ ಸಿಟಿ ಸ್ಕ್ಯಾನ್, ಯಾವಾಗ ಆಂಟಿಬಯೋಟಿಕ್, ಯಾವಾಗ ಕೊಳವೆ ತೂರಿಸುವುದು, ಯಾವಾಗ ಡ್ರೈನ್ ತೆಗೆಯುವುದು ಎಂಬುದನ್ನು ಅದು ಹೇಳುತ್ತದೆ. ರಕ್ತಸ್ರಾವ, ಅಂಗವೈಫಲ್ಯ, ಸಾವು ಒಟ್ಟುಗೂಡಿ ಶೇ. 14ರಿಂದ 8ಕ್ಕೆ ಇಳಿದವು, ಸಾವು ಶೇ. 5ರಿಂದ 3ಕ್ಕೆ. ಇಷ್ಟು ದೊಡ್ಡ ಪ್ರಯೋಗದಲ್ಲಿ ಇಷ್ಟು ಲಾಭ ತೋರಿಸಿದ ಹೊಲಿಗೆಯನ್ನು ನಾನು ಕಂಡಿಲ್ಲ. ಸರ್ಜನ್ ಮನೆಗೆ ಹೋದ ಮೇಲೆ ವಾರ್ಡಿನಲ್ಲಿ ನಡೆಯುವ ಕೆಲಸ ಇದು; ಕಿರಿಯ ವೈದ್ಯರು, ನರ್ಸ್‌ಗಳು, ರಾತ್ರಿ ಪಾಳಿಯ ರೇಡಿಯಾಲಜಿಯವರು ಮಾಡುವಂಥದ್ದು.

ಹೆಚ್ಚು ಆಪರೇಷನ್ ನಡೆಯುವ ಆಸ್ಪತ್ರೆಗಳ ಫಲಿತಾಂಶ ಚೆನ್ನಾಗಿರುವುದನ್ನು ಬಹಳ ಜನ ಸರ್ಜನ್ನರ ಕೈಗುಣವೆಂದೇ ಭಾವಿಸುತ್ತಾರೆ. 2002ರ ಅಮೆರಿಕದ ಅಧ್ಯಯನದಲ್ಲಿ ಅತಿ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16, ಅತಿ ಹೆಚ್ಚು ಮಾಡುವಲ್ಲಿ ಶೇ. 4. ಇಂಥ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರದ ವಿಶ್ಲೇಷಣೆಗಳು ತೋರಿಸಿದ್ದು: ತೊಡಕು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ, ತೊಡಕಾದವರು ಉಳಿಯುವುದರಲ್ಲಿ ವ್ಯತ್ಯಾಸ. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಈ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ತಂಡ ಕಟ್ಟಿ, ಸೇವೆಯನ್ನು ಮರುಜೋಡಿಸಿದ ಮೇಲೆ ಫಲಿತಾಂಶ ಸುಧಾರಿಸಿದ್ದನ್ನು 2013ರಲ್ಲಿ ದಾಖಲಿಸಿತು. ಹಾಲೆಂಡಿನಲ್ಲಿ ಕೇಂದ್ರವೊಂದು ವರ್ಷಕ್ಕೆ ಕನಿಷ್ಠ 20 ವಿಪ್ಪಲ್ ಮಾಡಲೇಬೇಕೆಂಬ ನಿಯಮವಿದೆ, ಪ್ರತಿ ರೋಗಿಯ ಫಲಿತಾಂಶ ರಾಷ್ಟ್ರೀಯ ಲೆಕ್ಕಪಟ್ಟಿಗೆ ಸೇರುತ್ತದೆ. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಬೀದರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬರುವ ರೋಗಿಯ ಮನೆಯವರಿಗೆ ಯಾವ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ನಡೆಯುತ್ತವೆ ಎಂಬುದು ಬಾಯಿಮಾತಿನಿಂದಲೇ ತಿಳಿಯಬೇಕು. ಕೇಳಲು ನಾಚಿಕೆ ಬೇಡ: ತಿಂಗಳಿಗೆ ಎಷ್ಟು ವಿಪ್ಪಲ್ ಮಾಡುತ್ತೀರಿ, ರಾತ್ರಿ ಎರಡು ಗಂಟೆಗೆ ರಕ್ತ ಕಂಡರೆ ಸಿಟಿ ಆಂಜಿಯೊ ಮತ್ತು ಕಾಯಿಲ್ ಹಾಕುವವರು ಇಲ್ಲೇ ಸಿಗುತ್ತಾರಾ, ಡಿಸ್ಚಾರ್ಜ್ ಆದ ಮೇಲೆ ಊರಿನಿಂದ ಫೋನ್ ಮಾಡಿದರೆ ಎತ್ತುವವರು ಯಾರು? ಡ್ರೈನ್ ಇಟ್ಟುಕೊಂಡೇ ಮನೆಗೆ ಕಳಿಸಿದ್ದರೆ ಆ ಚೀಲದಲ್ಲಿ ಕೆಂಪು ಕಂಡ ದಿನ ಕಾಯದೆ ವಾಪಸು ಬರಬೇಕೆಂದು ಬರೆಸಿಕೊಳ್ಳಿ, ಕನ್ನಡದಲ್ಲೇ.

ತೀರಾ ಅಪಾಯದ ಗ್ರಂಥಿಗಳ ವಿಷಯದಲ್ಲಿ ಒಂದು ಪ್ರಶ್ನೆ ಇನ್ನೂ ತೆರೆದೇ ಇದೆ. ಹೊಲಿಯಲು ಆಗದ ಗ್ರಂಥಿಯನ್ನು ಹೊಲಿಯುವುದೇಕೆ, ಪೂರ್ತಿ ತೆಗೆದರೆ ಸೋರಲು ಏನೂ ಉಳಿಯುವುದಿಲ್ಲವಲ್ಲ ಎಂಬ ವಾದ ಮಿಲಾನಿನಿಂದ ಬಂದಿದೆ. ತೆಗೆದ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಬೇರ್ಪಡಿಸಿ ರೋಗಿಗೇ ವಾಪಸು ಹಾಕುವುದು ಅವರ ಕ್ರಮ. ತೊಡಕು ಇಳಿದವು, ಮಧುಮೇಹ ಏರಿತು. ಜೀವಕೋಶ ಬೇರ್ಪಡಿಸುವ ಪ್ರಯೋಗಾಲಯ ಎಲ್ಲೆಡೆ ಇರುವುದಿಲ್ಲ. ಅದಿಲ್ಲದೆ ಗ್ರಂಥಿ ತೆಗೆದರೆ ಬದುಕಿಡೀ ಇನ್ಸುಲಿನ್ ಮತ್ತು ಪ್ರತಿ ಊಟಕ್ಕೂ ಕಿಣ್ವದ ಮಾತ್ರೆ. ಆಪರೇಷನ್ ಟೇಬಲ್ ಮೇಲೆ ನಾಳ ಒಂದು ಮಿಲಿಮೀಟರ್ ಎಂದು ಕಂಡಾಗ ತೆಗೆದುಕೊಳ್ಳುವ ನಿರ್ಧಾರ ಅದಲ್ಲ. ಅಂಥ ಸಾಧ್ಯತೆಯಿದೆ ಎಂದು ಹಿಂದಿನ ದಿನವೇ ರೋಗಿಯ ಜೊತೆ ಕೂತು ಮಾತಾಡಿರಬೇಕು.